ಮರಿಗೆ ಹೊದಿಸಿದ ಚರ್ಮ

ಆಂಧ್ರದ ಗಡಿಯ ಕುಂದುರ್ಪಿಯಲ್ಲಿ ಕುರಿ ಮೇಯಿಸುವ ನನ್ನ ಸೋದರಮಾವನಿಗೆ ನಲವತ್ತು ದಾಟಿದ್ದರೂ ಬುದ್ಧಿ ಇನ್ನೂ ಮಗುವಿನದು. ಹೋದ ವರ್ಷ ಅವನ ಕುರಿಯೊಂದರ ಮರಿ ಸತ್ತಿತು. ತಾಯಿಯ ಕೂಗನ್ನು ಕೇಳಲಾರದೆ, ಎರಡು ಮರಿ ಹಾಕಿದ್ದ ಪಕ್ಕದವರ ಕುರಿಯಿಂದ ಒಂದನ್ನು ಎತ್ತಿಕೊಂಡು ಬಂದ. ಸತ್ತ ಮರಿಯ ಚರ್ಮವನ್ನು ಅದಕ್ಕೆ ಹೊದಿಸಿ ಹಾಲಿಗೆ ಬಿಟ್ಟ. ವಾಸನೆ ಹಿಡಿದು ತಾಯಿ ತನ್ನದೆಂದೇ ನಂಬುತ್ತದೆ. ನಮ್ಮ ಕಡೆ ತಬ್ಬಲಿ ಮರಿಗಳನ್ನು ಉಳಿಸಿಕೊಳ್ಳುವುದೇ ಹಾಗೆ.

ಪಕ್ಕದವರು ಕಲ್ಯಾಣದುರ್ಗದ ಠಾಣೆಗೆ ದೂರು ಕೊಟ್ಟರು; ಪೊಲೀಸರು ಮಾವನನ್ನು ಅಲ್ಲಿಗೆ ಕರೆಸಿದರು. ಹಿಂದೂಪುರದಲ್ಲಿ ವಕೀಲಿಕೆ ಮಾಡುವ ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೊದಲ ಬಸ್ಸಿಗೇ ಹೋದೆ. ತಪ್ಪು ಯಾವುದೆಂದು ತಿಳಿಯುವ ಶಕ್ತಿಯೇ ಇಲ್ಲದವನನ್ನು ಕಾನೂನು ಅಪರಾಧಿ ಎನ್ನುವುದಿಲ್ಲ ಎಂದು ಎಸ್ಸೈಗೆ ವಿವರಿಸಿದೆ.

“ತಿಳೀದೋನು ಗುರ್ತು ಸಿಗ್ದಂಗೆ ಚರ್ಮ ಹೊದಿಸ್ತಾನೇನಮ್ಮ?” ಎಂದ ಎಸ್ಸೈ, ಮಾವನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು, “ತಪ್ಪು ಚೇಶಾವಾ?”

ಸುಮ್ಮನಿರು ಎಂದು ಕಣ್ಸನ್ನೆ ಮಾಡಿದೆ. ಮಾವ ನನ್ನ ಕಡೆ ನೋಡಲೇ ಇಲ್ಲ.

“ಊಂ ಸಾಮಿ, ತಪ್ ಮಾಡ್ಬುಟ್ಟೆ,” ಎಂದು ಅಳತೊಡಗಿದ. “ಆ ತಾಯಿ ಕುರೀಗೆ ಸುಳ್ಳು ಹೇಳ್ಬುಟ್ಟೆ. ಪಾಪ, ಅದು ಇನ್ನಾ ತನ್ ಮರಿ ಅಂತ್ಲೇ ನೆಕ್ತೈತೆ.”