ಚಿಕ್ಕಮ್ಮನ ಉಸಿರು

ಮನೆಯಲ್ಲಿ ಅವನಿಗೆ ಕತ್ತರಿ ಎಂದೇ ಹೆಸರು. ದರ್ಜಿಯೇನಲ್ಲ. ಶಾಸ್ತ್ರೀಯ ಗಾಯಕರ ಹಾಡನ್ನು ರೆಕಾರ್ಡ್ ಮಾಡಿ, ನಡುವೆ ನುಸುಳಿದ ಕೆಮ್ಮು, ಕುರ್ಚಿಯ ಕಿರಕಿರ, ಬೀದಿಯ ಹಾರ್ನ್ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕತ್ತರಿಸಿ ಕೊಡುವುದು ಅವನ ಕಸುಬು.

ಹಳೆಯ ಕಂಪ್ಯೂಟರು ಕೈಕೊಟ್ಟಿತು. ಹೊಸದರಲ್ಲಿ ಅವನ ಹಳೆಯ ಎಡಿಟಿಂಗ್ ಸಾಫ್ಟ್‌ವೇರು ತೆರೆಯಲೇ ಇಲ್ಲ. ಬೇರೊಂದನ್ನು ಆರಿಸಬೇಕಾಯಿತು. ಒಂದು ಟವೆಲ್ ಕೊಳ್ಳಲೂ ಮೀನಮೇಷ ಎಣಿಸುವ ಆಸಾಮಿ ಇವನು. ಇದನ್ನು ಸುಮ್ಮನೆ ಬಿಟ್ಟಾನೆಯೇ? ಇದು ಭಾರ, ಅದು ನಿಧಾನ, ಮತ್ತೊಂದರ ಪರದೆ ಕಣ್ಣಿಗೆ ಹೊಡೆಯುತ್ತದೆ ಎಂದು ದಿನವೂ ರಾಗ ಎಳೆದ.

"ನನ್ನನ್ನ ಒಪ್ಪಿಕೊಳ್ಳೋಕೂ ಇಷ್ಟು ಯೋಚನೆ ಮಾಡಿರಲಿಲ್ಲ ನೀವು" ಎಂದಳು ಹೆಂಡತಿ.

ಯಾವ ಸಾಫ್ಟ್‌ವೇರನ್ನು ಪರೀಕ್ಷಿಸುವುದಿದ್ದರೂ ಅವನು ಹಾಕುತ್ತಿದ್ದುದು ಚಿಕ್ಕಮ್ಮನ ಹಾಡು. ಪಕ್ಕವಾದ್ಯವಿಲ್ಲದ ಬರೀ ಕಂಠ, ಅವನಿಗೆ ಅಂಗೈಗೆರೆಯಷ್ಟು ಪರಿಚಿತ. ತಾಯಿಯಿಲ್ಲದ ಅವನನ್ನು ಸಾಕಿದ ಚಿಕ್ಕಮ್ಮ ಹರೆಯದಲ್ಲಿ ಹಾಡಿದ್ದು. ಆಮೇಲೆ ಗಂಟಲಿನ ಕಾಯಿಲೆ ಸ್ವರವನ್ನು ಕಿತ್ತುಕೊಂಡು ಹೋಯಿತು. ಈಗ ಬರೀ ಪಿಸುಮಾತು. ಆಕೆಯ ಕಂಠವೆಂದು ಲೋಕದಲ್ಲಿ ಉಳಿದಿದ್ದು ಪೆನ್‌ಡ್ರೈವಿನಲ್ಲಿದ್ದ ಆ ಒಂದೇ ಫೈಲು. ಊರವರ ಹಾಡಿಗೆಲ್ಲ ಮೂರು ಮೂರು ಪ್ರತಿ ತೆಗೆದಿಡುವ ಮಹಾನುಭಾವ ಮನೆಯ ಹಾಡಿಗೆ ಒಂದೇ ಇಟ್ಟಿದ್ದ. ಇಂಥವನಿಗೆ ಏನು ಹೇಳೋಣ?

ಕಡೆಗೆ ಕಂಪ್ಯೂಟರ್ ಅಂಗಡಿಯವನು ಹೊಗಳಿದ ಒಂದು ಸಾಫ್ಟ್‌ವೇರು ಹಿಡಿಸಿತು. ಒಂದೇ ಗುಂಡಿ ಒತ್ತಿದರೆ ಬೇಡದ ಸದ್ದೆಲ್ಲ ಮಾಯ. ಒತ್ತಿದ. ಮೊದಲ ಸಾಲು ಕೇಳಿದ, ಭೇಷ್ ಎಂದುಕೊಂಡ, ಅಭ್ಯಾಸಬಲದಿಂದ ಸೇವ್ ಮಾಡಿ ಮುಚ್ಚಿದ. ಹಳೆಯ ಸಾಫ್ಟ್‌ವೇರಿನಲ್ಲಿ ಎಷ್ಟು ಸಲ ಸೇವ್ ಮಾಡಿದರೂ ಮೂಲದ ಕೂದಲೂ ಕೊಂಕುತ್ತಿರಲಿಲ್ಲ. ತಿದ್ದಿದ್ದು ಬೇರೆಯೇ ಕೂರುತ್ತಿತ್ತು. ಇದು ಮೂಲದ ಮೇಲೆಯೇ ಬರೆದುಬಿಟ್ಟಿತ್ತು.

ಮರುದಿನ ಪೂರ್ತಿ ಕೇಳಿದ. ಸಾಲು ಸಾಲಿನ ನಡುವೆ ಚಿಕ್ಕಮ್ಮ ಉಸಿರೆಳೆದುಕೊಳ್ಳುತ್ತಿದ್ದ ಸದ್ದು ಒಂದೂ ಇಲ್ಲ. ಯಂತ್ರ ಅದನ್ನೂ ಕಸವೆಂದು ಗುಡಿಸಿತ್ತು. ಅಂಗಡಿಯವನಿಗೆ ಫೋನು ಹಚ್ಚಿದ.

"ಸೇವ್ ಮಾಡಿ ಮುಚ್ಚಿಬಿಟ್ರಾ? ಹಾಗಾದ್ರೆ ವಾಪಸ್ ಬರಲ್ಲ ಸಾರ್. ಇನ್ನೊಂದು ಕಾಪಿ ಇರುತ್ತಲ್ಲ?"

ಕತ್ತರಿ ಫೋನು ಇಟ್ಟ.

ಮುಚ್ಚಿಡುವ ಚಾಳಿ ಅವನಿಗಿರಲಿಲ್ಲ. ಚಿಕ್ಕಮ್ಮನನ್ನು ಕರೆತಂದು ಕೂರಿಸಿ, ನಡೆದದ್ದು ಹೇಳಿ, ಕಿವಿಗೆ ಹೆಡ್‌ಫೋನ್ ಹಾಕಿದ. ಆಕೆ ಕಣ್ಣು ಮುಚ್ಚಿ ಕೇಳಿದರು.

"ಇವಳು ಯಾರೋ? ಉಸಿರೇ ಆಡಲ್ವಲ್ಲ" ಎಂದು ಪಿಸುಗುಟ್ಟಿದರು.

ಅವನು ನೆಲ ನೋಡಿದ. ಮತ್ತೆ ತಲೆಯೆತ್ತಿದಾಗ ದಂಗಾದ. ಪರದೆಯ ಮೇಲೆ ಹಾಡಿನ ಸಾಲು ಮುಗಿದಲ್ಲೆಲ್ಲ ಚಿಕ್ಕಮ್ಮನ ಭುಜ ಮೇಲೇರುತ್ತಿತ್ತು. ಎಲ್ಲಿ ಸಣ್ಣ ಉಸಿರು, ಎಲ್ಲಿ ಎದೆ ತುಂಬ, ಮೈ ಒಂದನ್ನೂ ಮರೆತಿರಲಿಲ್ಲ.

ಹಾಡು ಮುಗಿಯಿತು. ಆಕೆ ಕಣ್ಣು ತೆರೆದರು.

"ಹೋಗಿದ್ದು ಉಸಿರು ತಾನೆ? ಅದು ಇನ್ನೂ ನನ್ನ ಹತ್ರ ಇದೆ. ಮೈಕ್ ತಗೊಂಡು ಬಾ."

ತಂದ. ಹೆಡ್‌ಫೋನಿನಲ್ಲಿ ಹಾಡು ಕೇಳುತ್ತ ಆಕೆ ಖಾಲಿ ಬಿದ್ದ ಒಂದೊಂದು ಜಾಗದಲ್ಲೂ ಉಸಿರೆಳೆದರು. ಅವನು ಒಂದೊಂದನ್ನೂ ಹಿಡಿದು ಅದರದರ ಜಾಗದಲ್ಲಿ ಕೂರಿಸಿದ. ಜೋಡಿಸಿ ಕೇಳಿದರೆ ಮೈ ಜುಮ್ಮೆಂದಿತು. ಕಂಠ ಹುಡುಗಿಯದು, ಉಸಿರು ಮುದುಕಿಯದು, ತುಸು ಗೊರಗೊರ ಬೇರೆ. ಸರಿಹೊಂದಲಿ ಎಂದು ಆ ಗೊರಗೊರವನ್ನು ಅಳಿಸಹೊರಟ.

ಚಿಕ್ಕಮ್ಮ ಅವನ ಮಣಿಕಟ್ಟು ಹಿಡಿದರು.

"ಅದನ್ನ ಮುಟ್ಟಬೇಡ ಕಣೋ. ಇಷ್ಟು ವರ್ಷ ಆದ್ಮೇಲೆ ಹಾಡ್ತಿದೀನಿ."

ಕತ್ತರಿ ಮೌಸಿನಿಂದ ಕೈ ತೆಗೆದ.