ಹನ್ನೊಂದು ದಿನದ ಮೌನ

"ಆಗಸ್ಟ್ ೧೨: ಇವರು ಇವತ್ತೂ ಕುಡಿದು ಬಂದರು. ಮೆಟ್ಟಿಲಲ್ಲಿ ಓಲಾಡಿದರು."

ಹದಿನಾರು ವರ್ಷ ಹಳೆಯ ನನ್ನ ಡೈರಿಯ ಈ ಸಾಲನ್ನು ಆಸ್ಪತ್ರೆಯ ಜೆನೆಟಿಕ್ಸ್ ವಿಭಾಗದ ಹುಡುಗಿ ಗಟ್ಟಿಯಾಗಿ ಓದಿದಳು. ನನ್ನ ಯಜಮಾನರ ಓಲಾಟ ಯಾವಾಗ ಶುರುವಾಯಿತೆಂದು ಅವಳು ಕೇಳಿದಾಗ ನಾನೇ ಹೆಮ್ಮೆಯಿಂದ ಡೈರಿ ಕೊಟ್ಟಿದ್ದೆ. ಬಿ.ಎಸ್ಸಿ. ಓದಿದವಳು ನಾನು, ಕಂಡದ್ದನ್ನು ಮಾತ್ರ ಬರೆಯುತ್ತೇನೆ.

"ಆಂಟಿ, ಆವತ್ತು ವಾಸನೆ ಇತ್ತಾ?"

ಇರಲಿಲ್ಲ. ಪಣಂಬೂರಿನಿಂದ ಕೆಲಸ ಮುಗಿಸಿ ಬಂದವರು, ಕುಡಿದಿಲ್ಲವೆಂದು ಆಣೆ ಹಾಕಿದ್ದರು. ನಾನು ನಂಬದೆ ಹನ್ನೊಂದು ದಿನ ಮಾತು ಬಿಟ್ಟಿದ್ದೆ.

ಹುಡುಗಿ ಪರೀಕ್ಷೆಯ ವರದಿ ತೆರೆದು ಮೆಲ್ಲಗೆ ಹೇಳಿದಳು: "ಡಿಎನ್‌ಎಯಲ್ಲಿ ಮೂರೇ ಅಕ್ಷರ ಮತ್ತೆ ಮತ್ತೆ ಬರುವ ಜಾಗ ಎಲ್ಲರಿಗೂ ಉಂಟು. ಅಂಕಲ್‌ಗೆ ಅದು ತುಂಬಾ ಉದ್ದ ಆಗಿದೆ. ನಡಿಗೆಯನ್ನು ಹಿಡಿತದಲ್ಲಿಡುವ ಕಿರುಮೆದುಳು ಅದರಿಂದ ಸವೆಯುತ್ತಾ ಬಂದಿದೆ. ಆವಾಗಲೇ ಶುರುವಾಗಿರಬೇಕು."

ಆ ಸಾಲನ್ನು ಹೊಡೆದುಹಾಕಲು ಪೆನ್ನು ತೆಗೆದೆ. ಗಾಲಿಕುರ್ಚಿಯಲ್ಲಿದ್ದ ಇವರು ನನ್ನ ಕೈ ಹಿಡಿದರು. ಈಗ ಮಾತೂ ತೊದಲುತ್ತದೆ.

"ಅಳಿಸ್ಬೇಡ ಮಾರಾಯ್ತಿ, ಸಾಕ್ಷಿ ಬೇಕು. ಹನ್ನೊಂದು ದಿನಕ್ಕೆ ಪರಿಹಾರ ಎಂತ ಕೊಡ್ತಿ?"

"ಎಂತ ಬೇಕು?"

"ಗಡ್‌ಬಡ್ ಐಸ್‌ಕ್ರೀಮ್."

ಸಾಲಿನ ಕೆಳಗೆ "ಕುಡಿದಿರಲಿಲ್ಲ. ತಪ್ಪು ನನ್ನದು" ಎಂದು ಬರೆದು, ಇವತ್ತಿನ ತಾರೀಕು ಹಾಕಿ ಸಹಿ ಮಾಡಿದೆ.

ಒಟ್ಟು ತಗುಲಿದ್ದು: ಗಡ್‌ಬಡ್ ಒಂದು, ಚಮಚ ಎರಡು. ಅವರ ಕೈ ನಡುಗುತ್ತದೆಂದು ನಾನೇ ತಿನ್ನಿಸಿದೆ. ಚೆರಿ ಹಣ್ಣು ಮಾತ್ರ ಕೊನೆಗೆ ನನ್ನ ಪಾಲಿಗೆ ಬಿಟ್ಟರು.