ಮುಖ ನೋಡುತ್ತಿದ್ದ ಮೇಡಂ

ಹುಮನಾಬಾದಿನಲ್ಲಿ ನಮಗೆ ನರ್ಸಿಂಗ್ ಕಲಿಸುತ್ತಿದ್ದ ಮೇಡಂ, ಬಾಯಿಂದ ಕ್ಯಾಮೆರಾ ಇಳಿಸಿ ಹೊಟ್ಟೆ ಪರೀಕ್ಷಿಸುವ ಎಂಡೋಸ್ಕೋಪಿ ವಿಭಾಗಕ್ಕೆ ಕಳಿಸುವ ಮೊದಲು ನಮ್ಮನ್ನೇ ಮಗ್ಗುಲಾಗಿ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆಯಂಥದ್ದನ್ನು ಕಚ್ಚಿಸುತ್ತಿದ್ದರು. ಜೊಲ್ಲು ಸುರಿಯುತ್ತಿತ್ತು, ಮಾತು ಹೊರಡುತ್ತಿರಲಿಲ್ಲ.

"ಪೇಷಂಟಿಗೂ ಹಿಂಗ ಆಗ್ತದ. ಡಾಕ್ಟರು ಟಿವಿ ಪರದೆ ನೋಡ್ತಾರ, ನೀವು ಪೇಷಂಟಿನ ಮಾರಿ ನೋಡ್ರಿ" ಎನ್ನುತ್ತಿದ್ದರು. ದಿನಾ ಅದೇ ಮಾತು.

ಬಸವಕಲ್ಯಾಣದ ಆಸ್ಪತ್ರೆಯಲ್ಲಿ ನಮ್ಮ ಮೊದಲ ದಿನ, ರಾಜೇಶ್ವರ ಗ್ರಾಮದಿಂದ ಬಂದಿದ್ದ ಮುದುಕಿಯೊಬ್ಬಳ ಗಂಟಲಿಗೆ ಡಾಕ್ಟರು ಕ್ಯಾಮೆರಾದ ನಳಿಗೆ ಇಳಿಸಿದರು. ಪರದೆಯ ಮೇಲೆ ಹೊಟ್ಟೆಯ ಒಳಭಾಗವೆಲ್ಲ ಕೆಂಪಗೆ ಹೊಳೆಯಿತು. ನಾವು ಮೈಮರೆತು ಅದನ್ನೇ ನೋಡಿದೆವು. ಮೇಡಂ ಮಾತ್ರ ಬಗ್ಗಿ ಮುದುಕಿಯ ಮುಖ ನೋಡುತ್ತಿದ್ದರು.

"ಸರ್, ತಗೀರಿ! ತುಟಿ ಕಪ್ಪಾಗಾಕತ್ತಾವ."

ನಳಿಗೆ ಹೊರಬಂತು. ಮೇಡಂ ಗದ್ದ ಎತ್ತಿ, ಗಂಟಲಲ್ಲಿ ನಿಂತಿದ್ದ ಜೊಲ್ಲು ತೆಗೆದು, ಆಕ್ಸಿಜನ್ ಹಚ್ಚಿದರು. ಮುದುಕಿಯ ಬೆರಳಿಗೆ ಸಿಕ್ಕಿಸಿದ್ದ, ರಕ್ತದ ಆಕ್ಸಿಜನ್ ಅಳೆಯುವ ಯಂತ್ರ ಕೂಗಿದ್ದು ಆಮೇಲೆ. ಯಂತ್ರಕ್ಕಿಂತ ಮೊದಲೇ ಅವರಿಗೆ ಗೊತ್ತಾಗಿತ್ತು.

ಸ್ವಲ್ಪ ಹೊತ್ತಿಗೆ ಮುದುಕಿ ಸರಾಗವಾಗಿ ಉಸಿರಾಡಿದಳು. ಪರೀಕ್ಷೆ ಅರ್ಧಕ್ಕೇ ನಿಂತಿತ್ತು.

"ಇವತ್ತ ಬ್ಯಾಡಂದ್ರ ಬಿಡೋಣು, ಯವ್ವಾ" ಎಂದರು ಡಾಕ್ಟರು.

ಮುದುಕಿ ಮೇಡಂ ಕೈ ಹಿಡಿದುಕೊಂಡಳು. "ಈಕಿ ನನ್ನ ಮಗ್ಗಲ ನಿಂದ್ರತಾಳಂದ್ರ ಮಾಡ್ರಿ" ಎಂದು ತಾನಾಗಿಯೇ ಬಾಯಿ ತೆರೆದಳು.